ಒದ್ದೆ ಜೀನ್ಸು ಮತ್ತು ಎರಡು ಅಂಕದ ಪ್ರಶ್ನೆ

ಯಾವುದಾದರೂ ಹಳೆಯ ವಿಜ್ಞಾನ ಪ್ರಶ್ನೆಪತ್ರಿಕೆಯನ್ನು ತೆಗೆದು ನೋಡಿ. ‘ಚಳಿಗಾಲದಲ್ಲಿ ಉಣ್ಣೆಯ ಬಟ್ಟೆ ತೊಡುತ್ತೇವೆ. ಕಾರಣ ಕೊಡಿ’ ಎಂಬ ಪ್ರಶ್ನೆ ಒಂದು ಮೂಲೆಯಲ್ಲಿ ಇದ್ದೇ ಇರುತ್ತದೆ. ಉತ್ತರವೂ ಸಿದ್ಧ. ‘ಉಣ್ಣೆಯ ಎಳೆಗಳ ನಡುವೆ ಗಾಳಿ ಸೆರೆಯಾಗಿರುತ್ತದೆ. ಗಾಳಿ ಶಾಖದ ಅವಾಹಕ. ಆದ್ದರಿಂದ ಮೈಯ ಶಾಖ ಹೊರಗೆ ಹೋಗುವುದಿಲ್ಲ.’ ಎರಡು ಅಂಕ. ಸುಮಾರು ಮೂವತ್ತು ವರ್ಷಗಳಿಂದ ಈ ಎರಡು ಅಂಕವನ್ನು ನಾನು ಧಾರಾಳವಾಗಿ ಹಂಚುತ್ತ ಬಂದಿದ್ದೇನೆ. ಆ ಅಂಕ ಪಡೆದ ಒಬ್ಬ ಹಳೆಯ ವಿದ್ಯಾರ್ಥಿ 2023ರ ಜುಲೈ ತಿಂಗಳ ಒಂದು ರಾತ್ರಿ ಅಮೆರಿಕದಿಂದ ಫೋನು ಮಾಡಿದ. ಅವನ ದನಿ ನಡುಗುತ್ತಿತ್ತು.

ಮಲೆನಾಡಿನ ಹುಡುಗ. ನಮ್ಮ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಎಂಜಿನಿಯರಿಂಗ್ ಓದಿ, ಈಗ ಸಿಯಾಟಲ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಹನ್ನೆರಡು ವರ್ಷದ ಮಗನಿಗೆ ಶಾಲೆಯ ರಜೆ. ಸಹೋದ್ಯೋಗಿಗಳು ಹುರಿದುಂಬಿಸಿದರೆಂದು ಅಪ್ಪ ಮಗ ಇಬ್ಬರೂ ಅಲಾಸ್ಕಕ್ಕೆ ಮೀನು ಹಿಡಿಯಲು ಹೊರಟರು. ಬೇಸಿಗೆಯ ಪ್ರವಾಸ ತಾನೆ ಎಂದು ಬೇಸಿಗೆಯ ಬಟ್ಟೆಗಳನ್ನೇ ತುಂಬಿಕೊಂಡರು.

ಅವರು ಹೋದದ್ದು ಕೀನೈ ನದಿಗೆ. ಆಂಕರೇಜ್ ನಗರದ ದಕ್ಷಿಣಕ್ಕಿರುವ ಕೀನೈ ಪರ್ಯಾಯದ್ವೀಪದಲ್ಲಿ ಈ ನದಿ ಹರಿಯುತ್ತದೆ. ಗಾಳ ಹಾಕುವವರಿಗೆ ಇದೊಂದು ಯಾತ್ರಾಸ್ಥಳವಿದ್ದಂತೆ. 1985ರಲ್ಲಿ ಸುಮಾರು 44 ಕಿಲೋಗ್ರಾಂ ತೂಗಿದ ಚಿನೂಕ್ ಸಾಲ್ಮನ್ ಮೀನು ಸಿಕ್ಕಿದ್ದು ಇದೇ ನದಿಯಲ್ಲಿ. ಈಚಿನ ವರ್ಷಗಳಲ್ಲಿ ಚಿನೂಕ್‌ಗಳ ಸಂಖ್ಯೆ ಕುಸಿದು ಅವನ್ನು ಹಿಡಿಯುವುದಕ್ಕೆ ಕಟ್ಟುನಿಟ್ಟಿನ ನಿರ್ಬಂಧಗಳು ಬಂದಿವೆ. ಈಗ ಹೆಚ್ಚಿನವರು ಬರುವುದು ಸಾಕೈ ಎಂಬ ಇನ್ನೊಂದು ಬಗೆಯ ಸಾಲ್ಮನ್‌ಗಾಗಿ. ಸಮುದ್ರದಲ್ಲಿ ಬೆಳೆದ ಈ ಮೀನುಗಳು ಜುಲೈ ಹೊತ್ತಿಗೆ ಮೊಟ್ಟೆಯಿಡಲು ದಂಡುದಂಡಾಗಿ ನದಿಯನ್ನೇರಿ ಬರುತ್ತವೆ.

ಅಲ್ಲಿಯ ಬೇಸಿಗೆ ಎಂಥದು? ಜುಲೈಯ ಮಧ್ಯಾಹ್ನ 16ರಿಂದ 18 ಡಿಗ್ರಿ ಸೆಲ್ಷಿಯಸ್. ಮೋಡ ಕವಿದು ಮಳೆ ಹನಿದರೆ 12 ಡಿಗ್ರಿ. ನದಿಯ ನೀರಿಗೆ ಮೂಲ ಹಿಮನದಿಗಳು. ಬೇಸಿಗೆ ಜೋರಾದಷ್ಟೂ ಹಿಮ ಕರಗಿ ನೀರು ಸೇರುತ್ತಲೇ ಇರುತ್ತದೆ. ಹಾಗಾಗಿ ಕಡು ಬೇಸಿಗೆಯಲ್ಲೂ ನದಿ 10 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಹಿಮನದಿ ಬಂಡೆಯನ್ನು ಅರೆದು ತಂದ ನುಣ್ಣನೆಯ ಹಿಟ್ಟು ನೀರಿನಲ್ಲಿ ತೇಲುತ್ತಿರುವುದರಿಂದ ನದಿಗೆ ಚೆಲುವಾದ ಹಸಿರು ನೀಲಿ ಬಣ್ಣ. ನೋಡಿದರೆ ಈಜು ಹೊಡೆಯೋಣ ಎನ್ನಿಸುವ ಬಣ್ಣ!

ಬೆಳಿಗ್ಗೆ ಬಿಸಿಲಿತ್ತು. ಹುಡುಗ ಹತ್ತಿಯ ಬನಿಯನ್ನು, ಅದರ ಮೇಲೆ ಹತ್ತಿಯದೇ ಟೋಪಿ ಅಂಗಿ, ಜೀನ್ಸು ಮತ್ತು ಮೊಣಕಾಲುದ್ದದ ರಬ್ಬರ್ ಬೂಟು ಹಾಕಿದ್ದ. ಮಳೆಕೋಟು ಕಾರಿನಲ್ಲೇ ಉಳಿಯಿತು. ಮಾರ್ಗದರ್ಶಿಯೊಬ್ಬನ ತೆರೆದ ದೋಣಿಯಲ್ಲಿ ಸಾಗಿ, ಒಂದು ಜಲ್ಲಿದಿಬ್ಬದ ಬಳಿ ಇಳಿದು ಗಾಳ ಹಾಕಿದರು. ಹುಡುಗ ಒಂದು ಹೆಜ್ಜೆ ತಪ್ಪಿಟ್ಟ. ಎದೆಯವರೆಗೆ ನೀರು. ಕೂಡಲೇ ಎಳೆದುಕೊಂಡರು. ಎಲ್ಲರೂ ನಕ್ಕರು. ‘ಗಾಳಿಗೆ ಒಣಗುತ್ತದೆ ಬಿಡು’ ಎಂದ ಅಪ್ಪ. ಮೀನು ಕಚ್ಚುತ್ತಿದ್ದ ಹೊತ್ತು, ವಾಪಸು ಹೋಗಲು ಹುಡುಗನಿಗೂ ಮನಸ್ಸಿರಲಿಲ್ಲ. ಆಮೇಲೆ ತುಂತುರು ಶುರುವಾಯಿತು, ಗಾಳಿ ಬೀಸಿತು. ಹುಡುಗ ಗಡಗಡ ನಡುಗಿದ. ಮಾತು ಕಡಿಮೆಯಾಯಿತು, ಸಿಡುಕತೊಡಗಿದ. ಸುಮಾರು ಎರಡು ಗಂಟೆಯ ನಂತರ ನಡುಕ ತಗ್ಗುತ್ತ ಬಂತು. ‘ಸದ್ಯ, ಚಳಿ ಬಿಟ್ಟಿತು’ ಎಂದುಕೊಂಡ ಅಪ್ಪ.

ಮಾರ್ಗದರ್ಶಿ ಹಾಗೆ ಅಂದುಕೊಳ್ಳಲಿಲ್ಲ. ಅವನು ಹುಡುಗನ ಹತ್ತಿರ ಬಂದು, ‘ಅಂಗಿಯ ಜಿಪ್ ಎಳೆ ನೋಡೋಣ’ ಎಂದ. ಹುಡುಗನ ಬೆರಳು ಜಿಪ್ಪನ್ನು ಹಿಡಿಯಲಾರವು. ಹೆಸರು ಕೇಳಿದರೆ ನಾಲಿಗೆ ತೊದಲಿತು. ಮಾರ್ಗದರ್ಶಿ ದೋಣಿಯನ್ನು ದಡಕ್ಕೆ ಹಚ್ಚಿ, ಒದ್ದೆ ಬಟ್ಟೆಯನ್ನೆಲ್ಲ ತೆಗೆಸಿ, ತನ್ನ ಚೀಲದ ಒಣ ಬಟ್ಟೆ ತೊಡಿಸಿ, ಮಲಗುಚೀಲದೊಳಗೆ ಮಲಗಿಸಿ, ಅದರ ಮೇಲೆ ಪ್ಲಾಸ್ಟಿಕ್ ತಾಡಪಾಲು ಸುತ್ತಿದ. ಅರ್ಧ ಗಂಟೆಯ ಮೇಲೆ ಹುಡುಗ ಮತ್ತೆ ಜೋರಾಗಿ ನಡುಗತೊಡಗಿದ. ಅದನ್ನು ಕಂಡು ಅಪ್ಪನಿಗೆ ಹೆದರಿಕೆ, ಮಾರ್ಗದರ್ಶಿಗೆ ಸಂತೋಷ! ಸಂಜೆ ಆಸ್ಪತ್ರೆಯಲ್ಲಿ ತೋರಿಸಿದರು. ಹುಡುಗ ಕ್ಷೇಮ.

‘ಸರ್, ಆ ಪ್ರಶ್ನೆಗೆ ನನಗೆ ನೀವು ಪೂರ್ತಿ ಅಂಕ ಕೊಟ್ಟಿದ್ರಿ’ ಎಂದ ನನ್ನ ವಿದ್ಯಾರ್ಥಿ. ನನಗೆ ಉತ್ತರ ಹೊಳೆಯಲಿಲ್ಲ. ಅಂಕ ಕೊಟ್ಟದ್ದು ನಿಜ. ಅದೇ ಗಾಳಿಯ ಜಾಗದಲ್ಲಿ ನೀರು ತುಂಬಿದರೆ ಏನಾಗುತ್ತದೆ ಎಂದು ಕೇಳಲು ಮರೆತವನು ನಾನು. ಆ ಪಾಠವನ್ನು ಇಲ್ಲಿ ಪೂರ್ತಿ ಮಾಡುತ್ತೇನೆ.

ನಮ್ಮ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ. ಅದು 35ಕ್ಕಿಂತ ಕೆಳಗಿಳಿದರೆ ಹೈಪೋಥರ್ಮಿಯಾ, ಅಂದರೆ ಮೈಶಾಖದ ಕುಸಿತ. ಇದಕ್ಕೆ ಹಿಮ ಬೀಳಬೇಕಾಗಿಲ್ಲ. 12 ಡಿಗ್ರಿಯ ಗಾಳಿ, ಒದ್ದೆ ಬಟ್ಟೆ ಸಾಕು. ಆರಂಭದಲ್ಲಿ ದೇಹ ನಡುಗಿ ಶಾಖ ಹುಟ್ಟಿಸಿಕೊಳ್ಳುತ್ತದೆ. ನಡುಕವೆಂದರೆ ಸ್ನಾಯುಗಳ ದುಡಿಮೆ. ಉಷ್ಣತೆ ಇನ್ನೂ ಇಳಿದಾಗ ಆ ದುಡಿಮೆಯೂ ಸೋಲುತ್ತದೆ. ಮೈ ಬೆಚ್ಚಗಾಗದೆಯೇ ನಡುಕ ನಿಂತರೆ ಅದು ಅಪಾಯದ ಗಂಟೆ. ಸಿಡುಕು, ತೊದಲು, ತಡವರಿಕೆ, ಎಡವುವುದು, ಇವು ಅದಕ್ಕೆ ಮುಂಚಿನ ಸೂಚನೆಗಳು. ಪೋಷಕರು ಈ ನಾಲ್ಕನ್ನು ನೆನಪಿಟ್ಟರೆ ಒಳ್ಳೆಯದು.

ಇನ್ನು ಲೆಕ್ಕ. ಗಾಳಿಗೆ ಹೋಲಿಸಿದರೆ ನೀರು ಶಾಖವನ್ನು ಸುಮಾರು 25 ಪಟ್ಟು ಚೆನ್ನಾಗಿ ಒಯ್ಯುತ್ತದೆ. ಹತ್ತಿಯ ನೂಲು ನೀರನ್ನು ಹೀರಿ ಮೆತ್ತಗಾಗಿ ಚರ್ಮಕ್ಕೆ ಅಂಟುತ್ತದೆ. ಗಾಳಿ ಇದ್ದ ಸಂದುಗಳಲ್ಲೆಲ್ಲ ನೀರು. ಇದು ಮೊದಲ ನಷ್ಟ. ಎರಡನೆಯದು ಗುಪ್ತೋಷ್ಣ. ಮೈಮೇಲಿನ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಶಾಖ ಬೇಕು. ಜೀನ್ಸು ಮತ್ತು ದಪ್ಪ ಹತ್ತಿಯಂಗಿ ಸೇರಿ ಒಂದು ಲೀಟರ್ ನೀರು ಹಿಡಿದಿವೆ ಎಂದುಕೊಳ್ಳಿ. ಅದನ್ನು ಒಣಗಿಸಲು 24 ಲಕ್ಷ ಜೂಲ್. ಸುಮ್ಮನೆ ಕುಳಿತ ದೊಡ್ಡವರ ದೇಹ ಸೆಕೆಂಡಿಗೆ ಸುಮಾರು 100 ಜೂಲ್ ಶಾಖ ಉತ್ಪಾದಿಸುತ್ತದೆ. ಭಾಗಿಸಿ ನೋಡಿ. 24,000 ಸೆಕೆಂಡು, ಅಂದರೆ ಆರು ಗಂಟೆ ನಲವತ್ತು ನಿಮಿಷದ ಪೂರ್ತಿ ಸಂಪಾದನೆ! ಇದರಲ್ಲಿ ಒಂದಷ್ಟು ಪಾಲನ್ನು ಸುತ್ತಲಿನ ಗಾಳಿಯೂ ಕೊಡುತ್ತದೆ ನಿಜ. ಆದರೂ ‘ಗಾಳಿಗೆ ಒಣಗುತ್ತದೆ ಬಿಡು’ ಎಂಬ ಮಾತಿನ ಬೆಲೆ ಎಷ್ಟೆಂದು ಈ ಲೆಕ್ಕದಿಂದ ತಿಳಿಯುತ್ತದೆ. ಆ ಬೆಲೆ ತೆತ್ತದ್ದು ಹನ್ನೆರಡು ವರ್ಷದ ಸಣ್ಣ ಮೈ.

ಹಾಗಾದರೆ ಚೀಲಕ್ಕೆ ಏನು ತುಂಬಬೇಕು? ಚಳಿ ಸೀಮೆಯ ಮೀನುಗಾರರು ಹೇಳುವ ಸೂತ್ರ ಮೂರು ಪದರಗಳದ್ದು. ಮೈಗೆ ತಾಗುವ ಮೊದಲ ಪದರ ಬೆವರನ್ನು ಹೀರಿ ಇಟ್ಟುಕೊಳ್ಳದೆ ಹೊರಕ್ಕೆ ದಾಟಿಸಬೇಕು. ಪಾಲಿಯೆಸ್ಟರಿನ ಅಥವಾ ತೆಳುವಾದ ಮೆರಿನೋ ಉಣ್ಣೆಯ ಒಳಉಡುಪು ಇದಕ್ಕೆ ತಕ್ಕದ್ದು. ಎರಡನೆಯ ಪದರದ ಕೆಲಸ ಗಾಳಿಯನ್ನು ಸೆರೆಹಿಡಿಯುವುದು. ದಪ್ಪ ಉಣ್ಣೆಯ ಸ್ವೆಟರು ಅಥವಾ ಫ್ಲೀಸ್ ಎಂಬ ಜೊಂಪು ಬಟ್ಟೆ. ಪಾಲಿಯೆಸ್ಟರ್ ಎಳೆ ನೀರು ಹೀರುವುದು ತೀರಾ ಕಡಿಮೆಯಾದ್ದರಿಂದ ಒದ್ದೆಯಾದ ಫ್ಲೀಸನ್ನು ಹಿಂಡಿ ಕೊಡವಿದರೆ ಅದು ಮತ್ತೆ ಉಬ್ಬಿಕೊಳ್ಳುತ್ತದೆ. ಮೂರನೆಯದು ಹೊರಪದರ. ಮಳೆಯನ್ನೂ ಗಾಳಿಯನ್ನೂ ತಡೆಯುವ, ಟೋಪಿ ಇರುವ ಕೋಟು ಮತ್ತು ಷರಾಯಿ. ಈ ಮೂರರಲ್ಲಿ ಯಾವುದೊಂದನ್ನು ಬಿಟ್ಟರೂ ಉಳಿದೆರಡರ ಶ್ರಮ ವ್ಯರ್ಥ. ಹುಡುಗನ ಚೀಲದಲ್ಲಿ ಮೂರೂ ಇರಲಿಲ್ಲ. ಇದ್ದ ಒಂದು ಮಳೆಕೋಟು ಕಾರಿನಲ್ಲಿತ್ತು.

ಹೊರಪದರದ್ದೇ ಒಂದು ಸಮಸ್ಯೆಯಿದೆ. ಸಾದಾ ರಬ್ಬರ್ ಕೋಟು ಮಳೆಯನ್ನು ತಡೆಯುತ್ತದೆ, ಬೆವರನ್ನೂ ತಡೆಯುತ್ತದೆ. ಹೊರಗೆ ಒಣಗಿದ್ದು ಒಳಗೆ ತೊಯ್ದರೆ ಏನು ಬಂತು? 1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಬಿಸಿಮಾಡಿ ಥಟ್ಟನೆ ಜಗ್ಗಿದಾಗ ಅದು ಸೂಕ್ಷ್ಮ ರಂಧ್ರಗಳ ಪೊರೆಯಾಯಿತು. ನೀರಿನ ಹನಿ ನುಗ್ಗಲಾರದಷ್ಟು ಚಿಕ್ಕ, ನೀರಾವಿಯ ಅಣು ಸಲೀಸಾಗಿ ದಾಟುವಷ್ಟು ದೊಡ್ಡ ರಂಧ್ರಗಳು. ಗೋರ್‌ಟೆಕ್ಸ್ ಎಂಬ ಬಟ್ಟೆಯ ಗುಟ್ಟು ಇದು. ಆದರೆ ಅಲಾಸ್ಕದ ಮೂಲನಿವಾಸಿಗಳಿಗೆ ಈ ಉಪಾಯ ಬಹು ಹಿಂದೆಯೇ ಗೊತ್ತಿತ್ತು. ಉನಾಂಗನ್ ಮತ್ತು ಯೂಪಿಕ್ ಜನ ಸೀಲ್, ಕಡಲಸಿಂಹಗಳ ಕರುಳನ್ನು ತೊಳೆದು, ಒಣಗಿಸಿ, ಪಟ್ಟಿಪಟ್ಟಿಯಾಗಿ ಹೊಲಿದು ಮಳೆಯಂಗಿ ಮಾಡುತ್ತಿದ್ದರು. ಹಗುರ, ನೀರು ಒಳಬಾರದು, ಬೆವರಿನ ಆವಿ ಹೊರಹೋಗುತ್ತದೆ. ಪಾದರಕ್ಷೆಯೊಳಗೆ ಒಣಹುಲ್ಲಿನಿಂದ ಹೆಣೆದ ಕಾಲುಚೀಲ. ಹುಲ್ಲು ಹಿಡಿದಿಟ್ಟದ್ದೂ ಗಾಳಿಯನ್ನೇ.

ನಮ್ಮವರೇನು ಕಡಿಮೆ? ನನ್ನ ವಿದ್ಯಾರ್ಥಿಯ ಅಜ್ಜನನ್ನು ನಾನು ಬಲ್ಲೆ. ಆಷಾಢದ ಜಡಿಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ದಿನವಿಡೀ ಗದ್ದೆಯಲ್ಲಿ ನಿಲ್ಲುತ್ತಿದ್ದರು. ಉಣ್ಣೆಯ ಎಳೆ ಸುರುಳಿಸುರುಳಿಯಾಗಿ ಸ್ಪ್ರಿಂಗಿನಂತೆ ಇರುತ್ತದೆ. ಒದ್ದೆಯಾದರೂ ಹತ್ತಿಯಂತೆ ಪೂರ್ತಿ ಮಲಗಿಬಿಡುವುದಿಲ್ಲ. ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವವನ್ನು ಎಳೆಯೊಳಗೆ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಎನ್ನಿಸುವುದಿಲ್ಲ. ಕರಿಕಂಬಳಿಯ ಮೇಲ್ಮೈಯ ರೋಮಗಳ ಮೇಲಿಂದ ಬಹಳಷ್ಟು ಹನಿಗಳು ಜಾರಿಯೇ ಹೋಗುತ್ತವೆ. ಅಜ್ಜ ಇದಕ್ಕೆ ಕಾರಣ ಬರೆದವರಲ್ಲ. ಮೊಮ್ಮಗ ಕಾರಣ ಬರೆದ, ಕಂಬಳಿ ಬಿಟ್ಟ.

ಈಗ ಕಾಲಿಗೆ ಬರೋಣ. ನೀರಿನಲ್ಲಿ ನಿಂತು ಗಾಳ ಹಾಕುವವರು ಎದೆಯವರೆಗೆ ಬರುವ ‘ವೇಡರ್’ ಎಂಬ ಜಲನಿರೋಧಕ ಷರಾಯಿ ತೊಡುತ್ತಾರೆ. ಅದರೊಳಗೆ ಫ್ಲೀಸಿನ ಷರಾಯಿ ಇರಬೇಕೇ ಹೊರತು ಜೀನ್ಸು ಸಲ್ಲದು. ವೇಡರಿನ ಮೇಲೆ ಸೊಂಟಪಟ್ಟಿ ಬಿಗಿಯಾಗಿ ಕಟ್ಟಲೇಬೇಕು. ಬಿದ್ದಾಗ ನೀರು ಒಳನುಗ್ಗುವುದನ್ನು ಅದು ತಡೆಯುತ್ತದೆ. ನೀರು ತುಂಬಿದ ವೇಡರು ಕಲ್ಲಿನಂತೆ ಕೆಳಗೆಳೆಯುತ್ತದೆ ಎಂಬ ನಂಬಿಕೆಯಿದೆ. ಆರ್ಕಿಮಿಡೀಸನನ್ನು ಕೇಳಿ. ನೀರಿನೊಳಗಿನ ನೀರಿಗೆ ಎಲ್ಲಿಯ ತೂಕ? ತೊಂದರೆ ಇರುವುದು ಬೇರೆ ಕಡೆ. ಪ್ರವಾಹದಲ್ಲಿ ಕಾಲಾಡಿಸುವುದು ಕಷ್ಟ. ದಡ ಹತ್ತುವಾಗ ಮಾತ್ರ ಆ ನೀರಿನ ಭಾರವೆಲ್ಲ ನಿಮ್ಮದೇ.

ಬೂಟಿನ ಅಟ್ಟೆಯ ಬಗ್ಗೆ ಒಂದು ಮಾತು. ಹಿಂದೆ ಪಾಚಿಗಲ್ಲಿನ ಮೇಲೆ ಜಾರದಿರಲೆಂದು ಫೆಲ್ಟ್ ಅಟ್ಟೆಯ ಬೂಟು ಬಳಸುತ್ತಿದ್ದರು. ಒಣಗಲು ತಡವಾಗುವ ಆ ಅಟ್ಟೆಯಲ್ಲಿ ಪಾಚಿ, ರೋಗಾಣುಗಳು ಜೀವಂತ ಉಳಿದು ಒಂದು ನದಿಯಿಂದ ಇನ್ನೊಂದಕ್ಕೆ ಸಾಗುತ್ತವೆ. ಆದ್ದರಿಂದ ಅಲಾಸ್ಕದ ಸಿಹಿನೀರಿನಲ್ಲಿ ಹವ್ಯಾಸಿ ಮೀನುಗಾರರು ಅದನ್ನು ತೊಡುವುದನ್ನು 2012ರಲ್ಲಿ ನಿಷೇಧಿಸಲಾಯಿತು. ರಬ್ಬರ್ ಅಟ್ಟೆಯದೇ ಬೇಕು. ಬೂಟು ಒಂದು ಅಳತೆ ದೊಡ್ಡದಿರಲಿ. ಚಳಿಯೆಂದು ಎರಡು ಜೊತೆ ಕಾಲುಚೀಲ ತುರುಕಿದರೆ ನಡುವಿನ ಗಾಳಿ ಹೊರಟುಹೋಗಿ, ರಕ್ತಸಂಚಾರವೂ ತಗ್ಗಿ, ಬೆರಳು ಮತ್ತಷ್ಟು ತಣ್ಣಗಾಗುತ್ತವೆ. ಒಂದೇ ಜೊತೆ ದಪ್ಪ ಉಣ್ಣೆಯದು ತೊಟ್ಟು, ಇನ್ನೆರಡು ಜೊತೆ ಚೀಲದಲ್ಲಿರಲಿ.

ತಲೆಗೆ ಉಣ್ಣೆಯ ಟೋಪಿ. ಮೈಶಾಖದ ಅರ್ಧ ಭಾಗ ತಲೆಯಿಂದಲೇ ಹೋಗುತ್ತದೆ ಎಂದು ಹೇಳುವವರಿದ್ದಾರೆ. ಅದು ತಪ್ಪು. ತಲೆ ದೇಹದ ಮೇಲ್ಮೈಯ ಸುಮಾರು ಹತ್ತನೇ ಒಂದು ಪಾಲು. ಹೋಗುವ ಶಾಖವೂ ಸುಮಾರು ಅಷ್ಟೆ. ಆದರೆ ಉಳಿದದ್ದೆಲ್ಲ ಮುಚ್ಚಿರುವಾಗ ಅದೊಂದನ್ನೇ ತೆರೆದಿಡುವುದೇಕೆ? ಕೈಗೆ ಬೆರಳ ತುದಿ ತೆರೆದಿರುವ ಉಣ್ಣೆಯ ಗವಸು. ಗಾಳಕ್ಕೆ ಗಂಟು ಹಾಕಲು ಅನುಕೂಲ.

ಕಣ್ಣಿಗೆ ಪೋಲರಾಯ್ಡ್ ಕನ್ನಡಕ. ನೀರಿನ ಮೇಲಿಂದ ಪ್ರತಿಫಲಿಸುವ ಬೆಳಕು ಬಹುಮಟ್ಟಿಗೆ ಅಡ್ಡಲಾಗಿ ಧ್ರುವೀಕೃತವಾಗಿರುತ್ತದೆ. ಈ ಕನ್ನಡಕ ಆ ಬೆಳಕನ್ನಷ್ಟೇ ತಡೆಯುವುದರಿಂದ ಪ್ರಜ್ವಲತೆ ಮಾಯವಾಗಿ ನೀರೊಳಗಿನ ಕಲ್ಲು, ಗುಂಡಿ, ಮೀನು ಕಾಣಿಸುತ್ತವೆ. ಹುಡುಗ ತೊಟ್ಟಿದ್ದರೆ ಆ ಗುಂಡಿ ಕಾಣುತ್ತಿತ್ತೋ ಏನೋ. ಯಾರೋ ಬೀಸಿದ ಗಾಳದ ಕೊಕ್ಕೆಯಿಂದ ಕಣ್ಣು ಕಾಯುವುದೂ ಇದೇ.

ಎಲ್ಲಕ್ಕಿಂತ ಮುಖ್ಯವಾದದ್ದು ಲೈಫ್ ಜಾಕೆಟ್. ಅಲಾಸ್ಕದಲ್ಲಿ 13 ವರ್ಷದೊಳಗಿನ ಮಕ್ಕಳು ತೆರೆದ ದೋಣಿಯಲ್ಲಿ ಅದನ್ನು ತೊಡಲೇಬೇಕೆಂದು ಕಾನೂನಿದೆ. ಹುಡುಗನ ಮೈಮೇಲೆ ಸರಿಯಾದದ್ದೆಂದು ಇದ್ದ ವಸ್ತು ಅದೊಂದೇ! ಅಪ್ಪ ಮಾತ್ರ ತನ್ನದನ್ನು ಕೂರುವ ಹಲಗೆಯ ಕೆಳಗೆ ಇಟ್ಟಿದ್ದ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ತಾವೇ ತಣ್ಣೀರಿಗಿಳಿದು ಪ್ರಯೋಗ ಮಾಡಿದ ವಿಜ್ಞಾನಿ. ಅವರ ಸೂತ್ರ ‘ಒಂದು, ಹತ್ತು, ಒಂದು’. ಕೊರೆಯುವ ನೀರಿಗೆ ಬಿದ್ದರೆ ಏದುಸಿರನ್ನು ಹತೋಟಿಗೆ ತಂದುಕೊಳ್ಳಲು ಒಂದು ನಿಮಿಷ. ಕೈಕಾಲು ಮಾತು ಕೇಳುವುದು ಸುಮಾರು ಹತ್ತು ನಿಮಿಷ. ಮೈಶಾಖ ಕುಸಿದು ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ. ಆ ಒಂದು ಗಂಟೆ ಸಿಗುವುದು ತೇಲುತ್ತಿದ್ದವರಿಗೆ ಮಾತ್ರ. ಚೆನ್ನಾಗಿ ಈಜು ಬರುವವರೂ ಹತ್ತು ನಿಮಿಷದ ನಂತರ ಕೈಸೋಲುತ್ತಾರೆ. ಬಿದ್ದ ಮೇಲೆ ತೊಡುತ್ತೇನೆ ಎನ್ನುವುದು ಆಗದ ಮಾತು.

ಇನ್ನು ಚಿಲ್ಲರೆ ಸಾಮಾನು. ನೀರು ಹೊಗದ ಚೀಲದಲ್ಲಿ ಒಂದು ಪೂರ್ತಿ ಜೊತೆ ಒಣ ಬಟ್ಟೆ. ಇದನ್ನು ದೋಣಿಯಲ್ಲಿ ಜೊತೆಗೇ ಒಯ್ಯಬೇಕು. ಬೆಂಕಿಪೊಟ್ಟಣ, ಒಂದು ಪ್ಲಾಸ್ಟಿಕ್ ತಾಡಪಾಲು. ಫ್ಲಾಸ್ಕಿನಲ್ಲಿ ಸಿಹಿಯಾದ ಬಿಸಿ ಪಾನೀಯ. ಕಡಲೆಕಾಯಿ ಚಿಕ್ಕಿ, ನಡುಗುವ ಸ್ನಾಯುಗಳಿಗೆ ಅದಕ್ಕಿಂತ ಒಳ್ಳೆಯ ಸೌದೆ ಸಿಗದು. ಸೊಳ್ಳೆಗಳ ಕಾಟ ವಿಪರೀತವಾದ್ದರಿಂದ ಡೀಟ್ ಇರುವ ಮುಲಾಮು. ಆದರೆ ಡೀಟ್ ಕೆಲವು ಪ್ಲಾಸ್ಟಿಕ್‌ಗಳನ್ನು ಕರಗಿಸುತ್ತದೆ. ಹಚ್ಚಿಕೊಂಡ ಕೈಯಿಂದ ಕನ್ನಡಕ, ಗಾಳದ ದಾರ ಮುಟ್ಟಬೇಡಿ. ಜುಲೈಯಲ್ಲಿ ಹಗಲೇ ಹದಿನೆಂಟು ಗಂಟೆ, ಹಾಗಾಗಿ ಬಿಸಿಲಿನ ಮುಲಾಮು ಬೇಕು, ನಿದ್ದೆಗೆ ಕಣ್ಣುಪಟ್ಟಿಯೂ ಬೇಕು. ಕರಡಿಗಳೂ ಮೀನಿಗೆ ಬರುತ್ತವೆ. ಅವನ್ನು ಹಿಮ್ಮೆಟ್ಟಿಸುವ ಖಾರದ ಸಿಂಪಡಕವನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ಲಿಯೇ ಕೊಳ್ಳಬೇಕು. ಹೊರ ಊರಿನಿಂದ ಬಂದ, 16 ತುಂಬಿದ ಎಲ್ಲರಿಗೂ ಮೀನು ಹಿಡಿಯುವ ಪರವಾನಗಿ ಕಡ್ಡಾಯ.

ಚೀಲದಲ್ಲಿ ಇರಬಾರದ ವಸ್ತು ಒಂದಿದೆ. ಚಳಿಗೆಂದು ದೊಡ್ಡವರು ಒಯ್ಯುವ ಬ್ರಾಂದಿ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಒಳಗಿನ ಬಿಸಿ ರಕ್ತ ಹೊರಮೈಗೆ ಬಂದು ಬೆಚ್ಚಗಾದಂತೆ ತೋರುತ್ತದೆ, ನಿಜವಾಗಿ ಶಾಖ ಹೊರಗೆ ಸೋರಿಹೋಗುತ್ತಿರುತ್ತದೆ. ಹಾಗೆಯೇ, ಮೈಶಾಖ ಕುಸಿದವರ ಕೈಕಾಲನ್ನು ಉಜ್ಜಬಾರದು, ಓಡಾಡಿಸಬಾರದು. ಒದ್ದೆ ಬಟ್ಟೆ ತೆಗೆದು, ಒಣ ಬಟ್ಟೆ ಹೊದಿಸಿ, ಮಲಗಿಸಿ, ಬೇಗ ವೈದ್ಯರಲ್ಲಿಗೆ ಒಯ್ಯಬೇಕು. ಎಚ್ಚರವಾಗಿದ್ದು ಸರಿಯಾಗಿ ನುಂಗಬಲ್ಲರಾದರೆ ಮಾತ್ರ ಸಿಹಿ ಪಾನೀಯ.

ವಿದ್ಯಾರ್ಥಿಗಳೇ, ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದೇ ಅಳತೆಯ ಮೂರು ಬಾಟಲಿಗಳಲ್ಲಿ ಒಂದೇ ಉಷ್ಣತೆಯ ಬಿಸಿನೀರು ತುಂಬಿ. ಬಿಸಿನೀರನ್ನು ದೊಡ್ಡವರೇ ತುಂಬಲಿ. ಮೊದಲನೆಯದಕ್ಕೆ ಒಣಗಿದ ಹತ್ತಿಯ ಕಾಲುಚೀಲ ತೊಡಿಸಿ. ಎರಡನೆಯದಕ್ಕೆ ಒದ್ದೆ ಮಾಡಿ ಹಿಂಡಿದ್ದು. ಮೂರನೆಯದಕ್ಕೂ ಹಾಗೆಯೇ ಒದ್ದೆಯದು, ಆದರೆ ಅದರ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿ. ಮೂರನ್ನೂ ಫ್ಯಾನಿನ ಮುಂದೆ ಸಾಲಾಗಿಟ್ಟು ಇಪ್ಪತ್ತು ನಿಮಿಷದ ನಂತರ ಉಷ್ಣತಾಮಾಪಕ ಹಿಡಿಯಿರಿ. ಎರಡನೆಯ ಬಾಟಲಿ ಎಲ್ಲಕ್ಕಿಂತ ತಣ್ಣಗಾಗಿರುತ್ತದೆ. ಆ ಮಾರ್ಗದರ್ಶಿ ಹುಡುಗನಿಗೆ ತಾಡಪಾಲು ಸುತ್ತಿದ್ದೇಕೆಂದು ಮೂರನೆಯ ಬಾಟಲಿ ಹೇಳುತ್ತದೆ. ಉಣ್ಣೆಯ ಕಾಲುಚೀಲ ಸಿಕ್ಕಿದರೆ ನಾಲ್ಕನೆಯ ಬಾಟಲಿಯೂ ಇರಲಿ.

ಪೋಷಕರಿಗೊಂದು ಬಿನ್ನಹ. ಮಗ ಆಗುಂಬೆಗೆ ಹೋಗಲಿ, ಕುದುರೆಮುಖಕ್ಕೆ ಹೋಗಲಿ, ಹಿಮಾಲಯದ ಶಿಬಿರಕ್ಕೆ ಹೋಗಲಿ, ಚೀಲವನ್ನು ನೀವು ತುಂಬಿಕೊಡಬೇಡಿ. ಪ್ರತಿ ವಸ್ತುವನ್ನೂ ಏಕೆ ಇಡುತ್ತಿದ್ದೀಯೆ ಎಂದು ಕೇಳಿ, ಅವನೇ ತುಂಬಲಿ. ನನ್ನ ವಿದ್ಯಾರ್ಥಿಯ ಮಗ ಮರುವರ್ಷದ ಪ್ರವಾಸಕ್ಕೆ ಹಾಗೆಯೇ ಮಾಡಿದನಂತೆ. ನೆಲದ ಮೇಲೆ ಎಲ್ಲವನ್ನೂ ಹರಡಿಕೊಂಡು, ‘ಇದರಲ್ಲಿ ಗಾಳಿ ಹಿಡಿದಿಡುವುದು ಯಾವುದು?’ ಎಂದು ಅಪ್ಪನನ್ನೇ ಪರೀಕ್ಷೆ ಮಾಡಿದನಂತೆ.

ನಾನೂ ಪ್ರಶ್ನೆ ಬದಲಿಸಿದ್ದೇನೆ. ಕಳೆದ ಕಿರುಪರೀಕ್ಷೆಯಲ್ಲಿ ಒಂಬತ್ತನೆಯ ತರಗತಿಗೆ ಕೇಳಿದ್ದು ಇದು: ‘ಉಷ್ಣತೆ 12 ಡಿಗ್ರಿ. ತುಂತುರು ಮಳೆ, ಗಾಳಿ. ಇಡೀ ದಿನ ತೆರೆದ ದೋಣಿಯಲ್ಲಿರಬೇಕು. ನಿಮ್ಮ ಚೀಲದಲ್ಲಿ ಏನಿರುತ್ತದೆ, ಏಕೆ?’ ಐದು ಅಂಕ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಮೊದಲ ಸಾಲಿನಲ್ಲೇ ‘ಅಜ್ಜನ ಕಂಬಳಿ’ ಎಂದು ಬರೆದು, ಕೆಳಗೆ ನಾಲ್ಕು ಕಾರಣ ಕೊಟ್ಟಿದ್ದಳು. ಕೊನೆಯ ಕಾರಣ: ‘ಒದ್ದೆಯಾದರೂ ಅದರೊಳಗೆ ಗಾಳಿ ಉಳಿದಿರುತ್ತದೆ.’ ಐದಕ್ಕೆ ಐದು ಕೊಟ್ಟೆ.